ಕಾರ್ಬೊರೇಟರ್ ಕಿಟ್: ಕಂಪನಿದೇ ಬೇಕಾ, ಲೋಕಲ್ ನಡೆಯುತ್ತಾ?

ಪ್ರಶ್ನೆ: ನನ್ನದು 2011ರ ಸ್ಪ್ಲೆಂಡರ್. ಸೇಡಂನಿಂದ ಕಲಬುರಗಿಗೆ ಓಡಾಟ. ಈಚೆಗೆ ಗಾಡಿ ನಿಲ್ಲಿಸಿದರೆ ಕಾರ್ಬೊರೇಟರ್‌ನಿಂದ ಪೆಟ್ರೋಲ್ ಸೋರುತ್ತದೆ, ಎವರೇಜ್ ಕೂಡ ಬಿದ್ದಿದೆ. ಮೆಕ್ಯಾನಿಕ್ ಕಿಟ್ ಹಾಕಿಸಿ ಅಂದರು. ಅಂಗಡಿಯಲ್ಲಿ ಒಂದು ಕಂಪನಿ ಪ್ಯಾಕಿಂಗ್‌ನದು ಇದೆ, ಇನ್ನೊಂದು ಬಹಳ ಕಮ್ಮಿ ರೇಟಿನದು. "ಇದ್ರಾಗ ಜೆಟ್, ಸೂಜಿ ಎಲ್ಲಾ ಬರ್ತದ್ರೀ, ಫುಲ್ ಕಿಟ್" ಅಂತಾರೆ ಅಂಗಡಿಯವರು. ಯಾವುದು ತಗೊಳ್ಳಲಿ?

ಉತ್ತರ: ಕಿಟ್ ಕೊಳ್ಳುವ ಮೊದಲು ಕಾರ್ಬೊರೇಟರ್ ಬಿಚ್ಚಿಸಿ ನೋಡಿ. ಒಳಗೆ ಯಾವುದು ಸವೆದಿದೆಯೋ ಅದನ್ನಷ್ಟೇ ಬದಲಿಸಿ, ಅದನ್ನು ಒಳ್ಳೆಯ ಕಂಪನಿದೇ ಹಾಕಿಸಿ. ಇಡೀ ಲೋಕಲ್ ಕಿಟ್ ಹಾಕಿಸುವುದಕ್ಕಿಂತ ಇದು ಎಷ್ಟೋ ಮೇಲು.

ನಿಮ್ಮ ಎರಡೂ ತೊಂದರೆಗೆ ಒಂದೇ ಕಾರಣ ಇರಬಹುದು. ಕಾರ್ಬೊರೇಟರ್‌ನ ಕೆಳಗಿನ ಬಟ್ಟಲಿನಲ್ಲಿ ಪೆಟ್ರೋಲ್ ತುಂಬುತ್ತಿದ್ದಂತೆ ಫ್ಲೋಟ್ ಎಂಬ ತೇಲುವ ತುಂಡು ಮೇಲೇಳುತ್ತದೆ, ಅದು ಒಂದು ಸಣ್ಣ ಪಿನ್ನನ್ನು ಒತ್ತುತ್ತದೆ, ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಆ ಪಿನ್ನಿನ ತುದಿಯಲ್ಲಿ ಸಣ್ಣ ರಬ್ಬರ್ ಇದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತು ಕೂತು ಅದರ ಸುತ್ತ ಉಂಗುರದಂಥ ಗೆರೆ ಬೀಳುತ್ತದೆ. ಬಿಸಿಲಿಗೆ ಹಿಡಿದರೆ ಕಾಣುತ್ತದೆ, ಉಗುರು ಆಡಿಸಿದರೆ ಕೈಗೂ ಸಿಗುತ್ತದೆ. ಗೆರೆ ಬಿದ್ದ ಪಿನ್ ಪೂರ್ತಿ ಮುಚ್ಚುವುದಿಲ್ಲ. ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ಏರುತ್ತದೆ, ಹೆಚ್ಚಾದದ್ದು ಓವರ್‌ಫ್ಲೋ ಪೈಪಿನಿಂದ ಸೋರುತ್ತದೆ, ಇಂಜಿನ್‌ಗೂ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತದೆ. ಎವರೇಜ್ ಬೀಳದೆ ಏನಾಗುತ್ತದೆ? ಜೊತೆಗೆ ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ, ಅದನ್ನೂ ಬದಲಿಸಬೇಕು.

ಪಿನ್ ವಿಷಯದಲ್ಲಿ ಮಾತ್ರ ರೊಕ್ಕ ನೋಡಬೇಡಿ. ಬಹಳಷ್ಟು ಸಣ್ಣ ಬೈಕ್‌ಗಳಲ್ಲಿ ಪಿನ್ ಕೂರುವ ಸೀಟು ಬಾಡಿಯೊಳಗೇ ಒತ್ತಿ ಕೂರಿಸಿದ್ದು, ಅದನ್ನು ಬಿಚ್ಚಿ ಬದಲಿಸಲು ಆಗುವುದಿಲ್ಲ. ಹಾಗಾಗಿ ಸೋರಿಕೆ ನಿಲ್ಲಿಸುವ ಕೆಲಸವೆಲ್ಲ ಪಿನ್ನಿನ ಮೇಲೇ ಬೀಳುತ್ತದೆ. ಒಳ್ಳೆಯ ಪಿನ್ನಿನ ತುದಿ ವಿಟಾನ್ ಎಂಬ ರಬ್ಬರ್‌ನದು. ಪೆಟ್ರೋಲ್‌ಗೂ ಎಥನಾಲ್‌ಗೂ ಅದು ಸಾಮಾನ್ಯ ರಬ್ಬರ್‌ಗಿಂತ ಚೆನ್ನಾಗಿ ತಡೆಯುತ್ತದೆ.

ಎಥನಾಲ್ ಅಂದೆ ಅಲ್ವಾ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀದರ್, ಆಳಂದ ಕಡೆ ಬೆಳೆಯುವ ಕಬ್ಬಿನಂಥ ಬೆಳೆಯಿಂದಲೇ ಎಥನಾಲ್ ತಯಾರಾಗುವುದು. 2025ರ ಹೊತ್ತಿಗೆ ನಮ್ಮ ಪೆಟ್ರೋಲ್‌ನಲ್ಲಿ ಅದರ ಪಾಲು 20 ಪರ್ಸೆಂಟ್ ಮುಟ್ಟಿದೆ. 2011ರ ಗಾಡಿಯ ರಬ್ಬರ್ ಇಷ್ಟು ಎಥನಾಲ್ ಲೆಕ್ಕ ಹಾಕಿ ಮಾಡಿದ್ದಲ್ಲ. ಹಳೆಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ), ಬಟ್ಟಲಿನ ಗ್ಯಾಸ್ಕೆಟ್, ಪೆಟ್ರೋಲ್ ಪೈಪ್ ಉಬ್ಬುತ್ತವೆ, ಮೆತ್ತಗಾಗುತ್ತವೆ, ಒಣಗಿದ ಮೇಲೆ ಬಿರಿಯುತ್ತವೆ. ಗ್ಯಾಸ್ಕೆಟ್ ಒಮ್ಮೆ ಉಬ್ಬಿತೆಂದರೆ ತಾನು ಕೂರುವ ತೋಡಿನಲ್ಲಿ ಮತ್ತೆ ಕೂರುವುದೇ ಇಲ್ಲ. ಅದಕ್ಕೆ ಬಿಚ್ಚಿದಾಗ ರಬ್ಬರ್ ಸಾಮಾನನ್ನೆಲ್ಲ ಹೊಸದು ಹಾಕಿಸಿಬಿಡಿ.

ಹೊಸ ರಬ್ಬರ್ ಒಳ್ಳೆಯದೋ ಅಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಓ-ರಿಂಗ್ ತನ್ನಿ. ಒಂದನ್ನು ಮುಚ್ಚಳದ ಗಾಜಿನ ಶೀಶೆಯಲ್ಲಿ ಸ್ವಲ್ಪ ಪೆಟ್ರೋಲ್ ಹಾಕಿ ರಾತ್ರಿಯಿಡೀ ನೆನೆಸಿಡಿ. ಶೀಶೆ ಮನೆಯ ಹೊರಗೆ ಇರಲಿ, ಒಲೆ, ದೀಪದಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ. ಬೆಳಿಗ್ಗೆ ತೆಗೆದು ಇನ್ನೊಂದರ ಪಕ್ಕ ಇಡಿ. ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿದ್ದರೆ, ಹಿಚುಕಿದರೆ ಜೋಳದ ಮುದ್ದೆಯಂತೆ ಮೆತ್ತಗಿದ್ದರೆ, ಬಣ್ಣ ಬಿಟ್ಟಿದ್ದರೆ, ಆ ಮಾಲು ಕಾರ್ಬೊರೇಟರ್‌ಗೆ ಬೇಡ.

ಇನ್ನು ಜೆಟ್. "ಫುಲ್ ಕಿಟ್" ಅನ್ನುವ ಮಾತಿಗೆ ಜನ ಮರುಳಾಗುವುದೇ ಇಲ್ಲಿ. ಜೆಟ್ ಅಂದರೆ ಪೆಟ್ರೋಲ್ ಅಳತೆಯಾಗಿ ಹರಿಯುವ ಸಣ್ಣ ರಂಧ್ರದ ಹಿತ್ತಾಳೆ ತುಂಡು. ಪೆಟ್ರೋಲ್ ಹರಿದು ಅದು ಸವೆಯುವುದು ತೀರಾ ಕಮ್ಮಿ, ಕಟ್ಟಿಕೊಳ್ಳುತ್ತದೆ ಅಷ್ಟೇ. ಗಾಡಿಯ ಜೊತೆ ಬಂದ ಜೆಟ್ ಕ್ಲೀನ್ ಮಾಡಿದರೆ ಸುಮ್ನೆ ಹತ್ತಾರು ವರ್ಷ ನಡೆಯುತ್ತದೆ. ಅದನ್ನು ತೆಗೆದು ಗುರುತಿಲ್ಲದ ಹೊಸದನ್ನು ಹಾಕಿದರೆ ಇದ್ದದ್ದೂ ಕೆಡಬಹುದು. ಲೆಕ್ಕ ನೋಡಿ: ರಂಧ್ರ 0.90 ಮಿ.ಮೀ. ಇರಬೇಕಾದಲ್ಲಿ 0.95 ಇದ್ದರೆ ಅದರ ಬಾಯಿ ಸುಮಾರು 11 ಪರ್ಸೆಂಟ್ ದೊಡ್ಡದಾಗುತ್ತದೆ. ಬರಿಗಣ್ಣಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಇಂಜಿನ್‌ಗೆ ಗೊತ್ತಾಗುತ್ತದೆ.

ಹಳೆಯ ಜೆಟ್ಟನ್ನು ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಸಿ. ತಂತಿ, ಸೂಜಿ ಹಾಕಿ ಕೆದಕಲು ಯಾರಿಗೂ ಬಿಡಬೇಡಿ, ಜೆಟ್ ಹಾಳಾಗುವುದೇ ಹಾಗೆ. ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ ಕಂಡರೆ ಅದನ್ನೇ ಹಾಕಿ. ಬದಲಿಸಲೇಬೇಕಾದರೆ ಅದೇ ಮೇಕರ್, ಅದೇ ನಂಬರ್ ತನ್ನಿ. ಮೇಕರ್ ಹೆಸರು ಕಾರ್ಬೊರೇಟರ್ ಬಾಡಿ ಮೇಲೆ ಇರುತ್ತದೆ: ಕೀಹಿನ್, ಮಿಕುನಿ, ಯುಕಾಲ್, ಹೀಗೆ. ಕೀಹಿನ್‌ನ 100 ಮತ್ತು ಮಿಕುನಿಯ 100 ಒಂದೇ ಅಲ್ಲ, ಅವುಗಳ ನಂಬರ್ ಲೆಕ್ಕವೇ ಬೇರೆ. ನಂಬರ್ ಒಂದೇ ಇದೆ ಎಂದು ಅಂಗಡಿಯಲ್ಲಿ ಕೊಟ್ಟರೂ ಮೇಕರ್ ಕೇಳಿ.

ಸ್ಲೈಡ್ ಎಂಬ ಏರಿಳಿಯುವ ತುಂಡಿನಲ್ಲಿರುವ ಉದ್ದ ಸೂಜಿಯ ಕಥೆ ಬೇರೆ. ರೇಸ್ ಕೊಟ್ಟಾಗಲೆಲ್ಲ ಅದು ಮೇಲೆ ಕೆಳಗೆ ಆಡುತ್ತದೆ, ತಾನು ಇಳಿಯುವ ಹಿತ್ತಾಳೆ ಕೊಳವೆಗೆ ಉಜ್ಜುತ್ತದೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಲಾರಿಗಳ ಹಿಂದೆ ಓಡುವ ಗಾಡಿಗೆ ಏರ್ ಫಿಲ್ಟರ್ ಸರಿ ಇಲ್ಲದಿದ್ದರೆ ಆ ಧೂಳು ಇಲ್ಲಿಗೂ ಬರುತ್ತದೆ, ಸವೆತ ಇನ್ನೂ ಬೇಗ. ಸೂಜಿಯ ಮೇಲೆ ಒಂದು ಕಡೆ ಹೊಳೆಯುವ ಪಟ್ಟಿ ಕಂಡರೆ, ಉಗುರಿಗೆ ಮೆಟ್ಟಿಲು ಸಿಕ್ಕರೆ, ಸೂಜಿ ಮತ್ತು ಕೊಳವೆ ಎರಡನ್ನೂ ಒಟ್ಟಿಗೆ ಬದಲಿಸಿ. ಸೂಜಿಯ ತಲೆಯ ಹತ್ತಿರ ಕೋಡ್ ಇದ್ದರೆ ಅದಕ್ಕೆ ಹೊಂದುವುದನ್ನೇ ಕೊಳ್ಳಿ. ಕ್ಲಿಪ್ ಎಷ್ಟನೇ ಗೆರೆಯಲ್ಲಿತ್ತು ಎಂದು ತೆಗೆಯುವ ಮೊದಲೇ ಫೋಟೊ ಹಿಡಿದಿಡಿ.

ಕೊಳ್ಳುವಾಗ ಹಳೆಯ ಸಾಮಾನು ಕೈಯಲ್ಲಿ ಇರಲಿ. ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿದರೆ ಡೀಲರ್ ಹತ್ತಿರ ಪಾರ್ಟ್ ನಂಬರ್ ಸಿಗುತ್ತದೆ, ಪ್ಯಾಕೆಟ್ ಮೇಲೆ ಅದೇ ನಂಬರ್ ಇದೆಯಾ ನೋಡಿ. ತಯಾರಕರ ಹೆಸರು, ಎಂಆರ್‌ಪಿ, ತಿಂಗಳು-ವರ್ಷ ಇಲ್ಲದ ಪ್ಯಾಕೆಟ್ ಕಂಪನಿದು ಎಂದು ಯಾರು ಹೇಳಿದರೂ ತಗೋಬೇಡಿ. ಬಿಲ್ ಕೇಳಿ. ಏರ್ ಫಿಲ್ಟರನ್ನೂ ಅವತ್ತೇ ನೋಡಿಸಿ.

ಜೋಡಿಸಿದ ಮೇಲೆ ಪೆಟ್ರೋಲ್ ಕಾಕ್ ಆನ್ ಮಾಡಿ, ಇಂಜಿನ್ ಚಾಲೂ ಮಾಡದೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಹತ್ತು ನಿಮಿಷ ನಿಲ್ಲಿಸಿ. ಓವರ್‌ಫ್ಲೋ ಪೈಪಿನ ಬಾಯಿಗೆ ಬೆರಳಿಟ್ಟು ನೋಡಿ. ಒದ್ದೆ ಇಲ್ಲದಿದ್ದರೆ ಪಿನ್ ಸರಿ ಕೂತಿದೆ. ಒದ್ದೆ ಇದ್ದರೆ ಅಲ್ಲಿಂದ ಗಾಡಿ ತೆಗೆಯಬೇಡಿ, ಆಗಲೇ ಇನ್ನೊಮ್ಮೆ ಬಿಚ್ಚಿಸಿ. ಬಿಚ್ಚಿ ತೆಗೆದ ಹಳೆಯ ಜೆಟ್, ಸೂಜಿಯನ್ನು ಮೆಕ್ಯಾನಿಕ್ ಹತ್ತಿರ ಬಿಡದೆ ಮನೆಗೆ ತನ್ನಿ, ಮುಂದೆ ಅಳತೆಗೆ ಬೇಕಾಗುತ್ತವೆ.