ಬ್ಯಾಕ್ಟೀರಿಯಾ ಸತ್ತಿತು, ಗಿನಿಪಿಗ್ ಯಾಕೆ ಉಳಿಯಲಿಲ್ಲ?

1950ರ ದಶಕದ ಆರಂಭ. ಇಂಗ್ಲೆಂಡಿನ ಪೋರ್ಟನ್ ಡೌನ್ ಪ್ರಯೋಗಾಲಯದಲ್ಲಿ ಹ್ಯಾರಿ ಸ್ಮಿತ್ ಮತ್ತು ಜೇಮ್ಸ್ ಕೆಪ್ಪಿ ಗಿನಿಪಿಗ್‌ಗಳಿಗೆ ಆಂಥ್ರಾಕ್ಸ್ ಸೋಂಕು ತಗುಲಿಸಿ, ಆಮೇಲೆ ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯೊಟಿಕ್ ಕೊಟ್ಟು ನೋಡುತ್ತಿದ್ದರು. ಬೇಗ ಕೊಟ್ಟರೆ ಪ್ರಾಣಿ ಬದುಕುತ್ತಿತ್ತು. ಸ್ವಲ್ಪ ತಡವಾಯಿತೋ, ಔಷಧಿ ತನ್ನ ಕೆಲಸ ಮಾಡಿ ರಕ್ತದಲ್ಲಿದ್ದ ಬ್ಯಾಕ್ಟೀರಿಯಾವನ್ನೆಲ್ಲ ಕೊಲ್ಲುತ್ತಿತ್ತು, ಪ್ರಾಣಿಯೂ ಸಾಯುತ್ತಿತ್ತು. ಕಳ್ಳನನ್ನು ಹಿಡಿದ ಮೇಲೂ ಮನೆ ಉರಿಯುತ್ತಲೇ ಇದೆ ಅಂದರೆ ಕಳ್ಳ ಒಳಗೆ ಏನೋ ಬಿಟ್ಟು ಹೋಗಿದ್ದಾನೆ ಅಂತಲೇ ಅಲ್ವಾ?

ಈ ಅನುಮಾನ ಬರಲು ಅಷ್ಟು ವರ್ಷ ಬೇಕಾಗಿದ್ದೇ ಸೋಜಿಗ. ನಮ್ಮಲ್ಲಿ ನೆರಡಿ ಎಂದು ಕರೆಯುವ ಈ ರೋಗಕ್ಕೆ ಯಾವ ಬ್ಯಾಕ್ಟೀರಿಯಾ ಕಾರಣ ಎಂದು ರಾಬರ್ಟ್ ಕಾಖ್ 1876ರಲ್ಲೇ ತೋರಿಸಿದ್ದರು. 1881ರಲ್ಲಿ ಲೂಯಿ ಪಾಶ್ಚರ್ ಜನರ ಎದುರೇ ಕುರಿಗಳಿಗೆ ಲಸಿಕೆ ಹಾಕಿ ಗೆದ್ದಿದ್ದರು. ಆದರೆ ಈ ರೋಗ ಹೇಗೆ ಕೊಲ್ಲುತ್ತದೆ? ಸಾಯುವ ಹೊತ್ತಿಗೆ ರಕ್ತದ ತುಂಬ ಬ್ಯಾಕ್ಟೀರಿಯಾ ಇರುತ್ತಿದ್ದವು. ಹಾಗಾಗಿ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಸಾವು ಬರುತ್ತದೆ ಎಂದು ಹಲವರು ನಂಬಿದ್ದರು. ವಿಷ ಹುಡುಕಿದವರಿಗೆ ಗಾಜಿನ ಟ್ಯೂಬಿನಲ್ಲಿ ಏನೂ ಸಿಗಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು: ಈ ಬ್ಯಾಕ್ಟೀರಿಯಾ ತನ್ನ ಸುತ್ತ ಬೈಕಾರ್ಬನೇಟ್ ಇದ್ದಾಗ, ಅಂದರೆ ದೇಹದೊಳಗಿನಂಥ ವಾತಾವರಣ ಸಿಕ್ಕಾಗ, ಜಾಸ್ತಿ ವಿಷ ಮಾಡುತ್ತದೆ.

ಸ್ಮಿತ್ ಮತ್ತು ಕೆಪ್ಪಿ ಟ್ಯೂಬನ್ನು ಬಿಟ್ಟು ಸಾಯುತ್ತಿದ್ದ ಗಿನಿಪಿಗ್‌ನ ರಕ್ತವನ್ನೇ ತೆಗೆದುಕೊಂಡರು. ಅದರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ, ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿ ಇನ್ನೊಂದು ಪ್ರಾಣಿಯ ಚರ್ಮಕ್ಕೆ ಚುಚ್ಚಿದರು. ಚುಚ್ಚಿದ ಜಾಗ ಊದಿಕೊಂಡಿತು. ರಕ್ತನಾಳಕ್ಕೆ ಕೊಟ್ಟರೆ ಪ್ರಾಣಿ ಸತ್ತೇ ಹೋಯಿತು. 1954ರಲ್ಲಿ ಇದು ಪ್ರಕಟವಾಯಿತು.

ಮುಂದಿನ ಹತ್ತು ವರ್ಷಗಳಲ್ಲಿ ವಿಷಕ್ಕೆ ಮೂರು ಭಾಗ ಇರುವುದು ಗೊತ್ತಾಯಿತು. ಮೂರೂ ಪ್ರೋಟೀನ್‌ಗಳೇ: ಪ್ರೊಟೆಕ್ಟಿವ್ ಆಂಟಿಜನ್, ಲೀಥಲ್ ಫ್ಯಾಕ್ಟರ್, ಎಡಿಮಾ ಫ್ಯಾಕ್ಟರ್. ಒಂದೊಂದನ್ನೇ ಕೊಟ್ಟರೆ ಏನೂ ಆಗುವುದಿಲ್ಲ. ಮೊದಲನೆಯದರ ಜೊತೆ ಎರಡನೆಯದು ಸೇರಿದರೆ ಸಾವು, ಮೂರನೆಯದು ಸೇರಿದರೆ ಊತ. ಲಸಿಕೆಯಲ್ಲಿ ರಕ್ಷಣೆ ಕೊಡುವುದು ಮೊದಲನೆಯದೇ ಆದ್ದರಿಂದ ಅದಕ್ಕೆ 'ರಕ್ಷಕ' ಎಂಬ ಹೆಸರು ಬಂತು. ನಿಜವಾದ ಕೆಲಸ ನೋಡಿದರೆ ಅದು ಮನೆ ಬಾಗಿಲು ತೆಗೆದುಕೊಡುವ ಆಸಾಮಿ.

ಆ ಬಾಗಿಲು ತೆಗೆಯುವ ರೀತಿ ಸ್ವಲ್ಪ ನಿಧಾನವಾಗಿ ನೋಡುವಂಥದ್ದು. ಈ ಪ್ರೋಟೀನ್ ಜೀವಕೋಶದ ಮೇಲೆ ಹೋಗಿ ಕೂರುತ್ತದೆ. ನಮ್ಮದೇ ದೇಹದ ಫ್ಯೂರಿನ್ ಎಂಬ ಕಿಣ್ವ ಅದರ ಒಂದು ತುಂಡನ್ನು ಕತ್ತರಿಸುತ್ತದೆ. ಹೀಗೆ ಕತ್ತರಿಸಿಕೊಂಡ ಏಳೋ ಎಂಟೋ ಪ್ರೋಟೀನ್ ಸೇರಿ ಉಂಗುರವಾಗುತ್ತವೆ. ಉಂಗುರದ ಮೇಲೆ ಉಳಿದ ಎರಡು ಪ್ರೋಟೀನ್‌ಗಳು ಬಂದು ಅಂಟಿಕೊಳ್ಳುತ್ತವೆ. ಜೀವಕೋಶ ಈ ಇಡೀ ಗಂಟನ್ನು ಪೊರೆಯ ಚೀಲದಲ್ಲಿ ಸುತ್ತಿ ಸುಮ್ನೆ ಒಳಗೆ ಎಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲ ಹೆಚ್ಚಾದಾಗ ಉಂಗುರ ಕೊಳವೆಯಾಗಿ ಚಾಚಿಕೊಂಡು ಚೀಲದ ಪೊರೆಗೆ ತೂತು ಮಾಡುತ್ತದೆ. ಆ ತೂತು ಎಷ್ಟು ಕಿರಿದೆಂದರೆ, ಪ್ರೋಟೀನ್‌ಗಳು ತಮ್ಮ ಮಡಿಕೆ ಬಿಚ್ಚಿ ದಾರದಂತಾಗಿ ಒಳಗೆ ನುಸುಳಬೇಕು.

ಒಳಗೆ ಹೋದ ಮೇಲೆ? ಎಡಿಮಾ ಫ್ಯಾಕ್ಟರ್‌ನ ಗುಟ್ಟನ್ನು 1982ರಲ್ಲಿ ಸ್ಟೀಫನ್ ಲೆಪ್ಲಾ ಬಿಡಿಸಿದರು. ಅದು ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣುವನ್ನು ಮಿತಿಮೀರಿ ತಯಾರಿಸುತ್ತದೆ. ಊತಕ್ಕೆ ಮೂಲ ಅದು. ಲೀಥಲ್ ಫ್ಯಾಕ್ಟರ್ ಮಾತ್ರ 1998ರವರೆಗೂ ಬಾಯಿ ಬಿಡಲಿಲ್ಲ. ಜೀವಕೋಶದೊಳಗೆ ಸುದ್ದಿ ದಾಟಿಸುವ ಕೆಲವು ಪ್ರೋಟೀನ್‌ಗಳ ತುದಿಯನ್ನು ಅದು ಕತ್ತರಿಸಿ ಹಾಕುತ್ತದೆ.

ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಅದು ದಾರಿ ತಪ್ಪಿದ ಭಾಗ. 1980ರ ದಶಕದಲ್ಲಿ, ಲೀಥಲ್ ಫ್ಯಾಕ್ಟರ್ ಇಲಿಗಳ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲುವುದು ಕಂಡಿತು. ಸಿಕ್ಕಿತಲ್ಲ ಉತ್ತರ ಎಂದುಕೊಂಡರು. ಈ ಕೋಶಗಳು ಸತ್ತು ಉರಿಯೂತದ ರಾಸಾಯನಿಕಗಳನ್ನು ಸುರಿಯುತ್ತವೆ, ಅದರ ಆಘಾತಕ್ಕೆ ಪ್ರಾಣಿ ಸಾಯುತ್ತದೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆದರೆ ಹಾಗೆ ಬೇಗ ಸಾಯುವ ಮ್ಯಾಕ್ರೊಫೇಜ್ ಇರುವುದು ಕೆಲವು ತಳಿಯ ಇಲಿಗಳಲ್ಲಿ ಮಾತ್ರ. ಉಳಿದ ತಳಿಗಳೂ ವಿಷಕ್ಕೆ ಬಲಿಯಾಗುತ್ತಿದ್ದವು.

ಈ ನಡುವೆ 2001ರಲ್ಲಿ ಅಮೆರಿಕದಲ್ಲಿ ಯಾರೋ ಆಂಥ್ರಾಕ್ಸ್ ಪುಡಿಯನ್ನು ಲಕೋಟೆಯಲ್ಲಿ ಹಾಕಿ ಕಳಿಸಿದರು. 22 ಜನರಿಗೆ ರೋಗ ಬಂತು, ಐವರು ಸತ್ತರು. ಅದೇ ವರ್ಷ ಜೀವಕೋಶದ ಮೇಲೆ ವಿಷ ಅಂಟಿಕೊಳ್ಳುವ ಜಾಗ, ಅಂದರೆ ಮೊದಲ ರಿಸೆಪ್ಟರ್, 2003ರಲ್ಲಿ ಇನ್ನೊಂದು ಸಿಕ್ಕಿತು. ಈ ಎರಡನೆಯದೇ, ಅಂದರೆ ಸಿಎಂಜಿ2, ಮುಖ್ಯವಾದದ್ದು.

ರಿಸೆಪ್ಟರ್ ಕೈಗೆ ಸಿಕ್ಕ ಮೇಲೆ ಲೆಪ್ಲಾ ಅವರ ತಂಡ ಒಂದು ಜಾಣ ಪ್ರಯೋಗ ಮಾಡಿತು. ಒಂದೊಂದು ಇಲಿಯಲ್ಲಿ ಒಂದೊಂದು ಅಂಗಾಂಶದಿಂದ ಮಾತ್ರ ರಿಸೆಪ್ಟರ್ ತೆಗೆದುಹಾಕಿ, ಯಾವುದು ಬದುಕುತ್ತದೆ ನೋಡಿದರು. 2013ರಲ್ಲಿ ಬಂದ ಫಲಿತಾಂಶ ಇದು: ಲೀಥಲ್ ಫ್ಯಾಕ್ಟರ್‌ನ ಗುರಿ ಹೃದಯದ ಸ್ನಾಯು ಮತ್ತು ರಕ್ತನಾಳದ ಸ್ನಾಯು. ಎಡಿಮಾ ಫ್ಯಾಕ್ಟರ್‌ನದ್ದು ಮುಖ್ಯವಾಗಿ ಯಕೃತ್ತು. ಹಾಗಂತ ರಕ್ಷಣಾ ಕೋಶಗಳ ಪಾತ್ರವೇ ಇಲ್ಲ ಎಂದಲ್ಲ. ಸೋಂಕಿನ ಶುರುವಿನಲ್ಲಿ ವಿಷ ಅವುಗಳ ಕೈಕಟ್ಟಿ ಹಾಕುತ್ತದೆ, ಆ ಬಿಡುವಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಚಿಕಿತ್ಸೆಗೂ ಇದರಿಂದ ದಾರಿಯಾಯಿತು. 2012ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರ್ಯಾಕ್ಸಿಬಾಕುಮ್ಯಾಬ್ ಎಂಬ ಪ್ರತಿಕಾಯದ ಔಷಧಿಗೆ ಒಪ್ಪಿಗೆ ಕೊಟ್ಟಿತು. ಮನುಷ್ಯರಿಗೆ ಆಂಥ್ರಾಕ್ಸ್ ಅಂಟಿಸಿ ಪರೀಕ್ಷೆ ಮಾಡುವಂತಿಲ್ಲವಲ್ಲ, ಹಾಗಾಗಿ ಅದರ ಶಕ್ತಿಗೆ ಪುರಾವೆ ಮೊಲ ಮತ್ತು ಮಂಗಗಳಿಂದ ಬಂದದ್ದು. ಅದನ್ನು ಆ್ಯಂಟಿಬಯೊಟಿಕ್ ಜೊತೆಗೇ ಕೊಡುತ್ತಾರೆ. ಪ್ರೊಟೆಕ್ಟಿವ್ ಆಂಟಿಜನ್ ರಿಸೆಪ್ಟರಿಗೆ ಅಂಟದಂತೆ ಅದು ತಡೆಯುತ್ತದೆ. ಅಷ್ಟರಲ್ಲಾಗಲೇ ಜೀವಕೋಶದ ಒಳಗೆ ಸೇರಿಕೊಂಡ ವಿಷವನ್ನು ಮಾತ್ರ ಅದು ಮುಟ್ಟಲಾರದು.