ಪಾಷಾಣ ಆಮೇಲೆ, ಮೊದಲು ಟಾರ್ಚ್ ತಗೊಳ್ಳಿ

ಇಲಿ ಕಾಟ ಅಂತ ಫೋನ್ ಮಾಡೋರೆಲ್ಲ ಮೊದಲು ಕೇಳೋದು "ಸರ್ ಯಾವ ಪಾಷಾಣ ಒಳ್ಳೇದು?" ಅಂತ. ನಾನು ತಿರುಗಿ ಕೇಳೋದು ಅದು ಎಲ್ಲಿಂದ ಒಳಗೆ ಬರ್ತಿದೆ ನೋಡಿದೀರಾ ಅಂತ. ಬಾಗಿಲು ತೆಗೆದಿದ್ದಾಗ ನುಗ್ಗಿರ್ಬೇಕು ಅಂತಾರೆ. ನುಗ್ಗುತ್ತೆ, ಇಲ್ಲ ಅನ್ನಲ್ಲ, ಆದ್ರೆ ಒಂದನ್ನ ಹಿಡಿದು ಹಾಕಿದ ಕೆಲವೇ ದಿನಕ್ಕೆ ಇನ್ನೊಂದು, ಅದನ್ನ ಹಿಡಿದ್ರೆ ಮತ್ತೊಂದು ಅಂತ ನಡೀತಾನೇ ಇದ್ರೆ ಎಲ್ಲೋ ಒಂದು ಖಾಯಂ ದಾರಿ ಇದೆ ಅಂತ ಅರ್ಥ, ಆ ದಾರಿ ಮುಚ್ಚದೆ ಎಷ್ಟು ಕೊಂದ್ರೂ ಹೊರಗಿಂದ ಬರೋದು ನಿಲ್ಲಲ್ಲ.

ದಾರಿ ಅಂದ್ರೆ ಎಲ್ರೂ ಮುಷ್ಟಿ ಗಾತ್ರದ ತೂತು ಹುಡುಕ್ತಾರೆ, ಅಲ್ಲೇ ಎಡವೋದು. ಮನೆಯೊಳಗಿನ ಸಣ್ಣಿಲಿಗೆ ಸುಮಾರು 6 ಮಿಲಿಮೀಟರ್ ಸಂದು ಸಾಕು, ಒಂದು ಪೆನ್ಸಿಲ್ ತೂರಿದ್ರೆ ಆ ಸಂದು ಮುಚ್ಚಬೇಕಾದ್ದೇ ಅಂತ ಲೆಕ್ಕ ಇಟ್ಕೊಳ್ಳಿ. ಅದಕ್ಕೆ ಮೂಳೆನೇ ಇಲ್ಲ ಅಂತ ಕೆಲವರು ಹೇಳ್ತಾರೆ, ಸುಳ್ಳು, ಮೂಳೆ ಇದೆ, ಆದ್ರೆ ತಲೆ ತೂರಿದ್ರೆ ಉಳಿದ ಮೈನ ಎಳ್ಕೊಂಡು ಬಿಡುತ್ತೆ ಅಷ್ಟೇ.

ಹಾಗಾಗಿ ಮೊದಲ ಕೆಲಸ ಹುಡುಕೋದು. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆಗೀರಿ, ಒಳಗಿರೋದೆಲ್ಲ ಹೊರಗಿಡಿ, ನೆಲಕ್ಕೆ ಕೂತು ಪೈಪ್ ಗೋಡೆಯೊಳಗೆ ಹೋಗೋ ಜಾಗಕ್ಕೆ ಟಾರ್ಚ್ ಬಿಡಿ. ಪ್ಲಂಬರ್ ಪೈಪ್‌ಗಿಂತ ದೊಡ್ಡ ತೂತು ಕೊರೆದು ಹಾಗೇ ಬಿಟ್ಟು ಹೋಗಿರ್ತಾನೆ, ಮುಂದೆ ಒಂದು ರಿಂಗ್ ಕೂರಿಸಿರೋದ್ರಿಂದ ಕಣ್ಣಿಗೆ ಬೀಳಲ್ಲ, ಆ ರಿಂಗ್ ಸರಿಸಿ ನೋಡಿದ್ರೆ ಸುತ್ತ ಒಂದು ಬೆರಳು ಹೋಗೋಷ್ಟು ಖಾಲಿ ಜಾಗ, ಅಂಚಲ್ಲಿ ಜಿಡ್ಡುಜಿಡ್ಡು ಕಪ್ಪು ಕಲೆ. ಆ ಕಲೆ ಇಲಿ ಮೈ ಉಜ್ಜಿ ಉಜ್ಜಿ ಆಗಿರೋದು. ನನ್ನ ಅನುಭವದಲ್ಲಿ ಅಡುಗೆಮನೆ ಇಲಿ ಕೇಸುಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತೆ. ಆಮೇಲೆ ಏಸಿ ಪೈಪ್ ಹೋಗೋ ತೂತು, ವಾಷಿಂಗ್ ಮಷೀನ್ ಹಿಂದೆ, ಕೇಬಲ್ ಒಳಗೆ ಬರೋ ಕಡೆ, ಎಕ್ಸಾಸ್ಟ್ ಫ್ಯಾನ್ ಸುತ್ತ, ಮೋರಿ ಜಾಲರಿ. ಬಾಗಿಲ ಅಡಿ ನೋಡೋಕೆ ರಾತ್ರಿ ಒಳಗಿನ ಲೈಟೆಲ್ಲ ಆರಿಸಿ ಒಬ್ರು ಹೊರಗಿಂದ ಟಾರ್ಚ್ ಬಿಡಲಿ, ಬೆಳಕಿನ ಗೆರೆ ಎಲ್ಲಿ ದಪ್ಪಗಿದೆಯೋ ಅದೇ ಜಾಗ.

ಒಂದು ತೂತಲ್ಲಿ ಓಡಾಟ ಇದೆಯೋ ಇಲ್ವೋ ಅನುಮಾನ ಇದ್ರೆ ಪೇಪರ್ ಉಂಡೆ ಮಾಡಿ ಸಡಿಲವಾಗಿ ತುರುಕಿ, ಬೆಳಗ್ಗೆ ಅದು ಹೊರಗೆ ಬಿದ್ದಿದ್ರೆ ಇಲ್ಲಾ ಚೂರಾಗಿದ್ರೆ ಗೊತ್ತಾಗುತ್ತೆ. ಗೋಡೆ ಪಕ್ಕ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿದ್ರೆ ಹೆಜ್ಜೆ ಗುರುತೂ ಸಿಗುತ್ತೆ, ಯಾಕಂದ್ರೆ ಅದು ನಡುಮನೇಲಿ ಓಡಾಡೋದು ಕಮ್ಮಿ, ಗೋಡೆಗೆ ಮೈ ತಾಗಿಸ್ಕೊಂಡೇ ಹೋಗೋ ಪ್ರಾಣಿ. ಹಿಕ್ಕೆನೂ ನೋಡಿ, 3 ರಿಂದ 6 ಮಿಲಿಮೀಟರ್ ಉದ್ದ ಇದ್ದು ತುದಿ ಚೂಪಾಗಿದ್ರೆ ಸಣ್ಣಿಲಿ, ಒಂದು ಸೆಂಟಿಮೀಟರ್ ದಾಟಿದ್ರೆ ದೊಡ್ಡ ಇಲಿ, ಅದರ ಕಥೆನೇ ಬೇರೆ. ಉದ್ದ ಮೂತಿ, ಗಬ್ಬು ವಾಸನೆ, ಚಿಕ್ ಚಿಕ್ ಅಂತ ಕೂಗ್ತಾ ಓಡಿದ್ರೆ ಅದು ಸುಂಡಿಲಿ, ಇಲಿ ಜಾತಿನೇ ಅಲ್ಲ, ಹುಳ ತಿನ್ನುತ್ತೆ, ಹೊರಗೆ ಓಡಿಸಿ ಸುಮ್ನಾಗಿ.

ಈಗ ಮುಚ್ಚೋದು. ಡಬ್ಬಿಯಿಂದ ಸ್ಪ್ರೇ ಮಾಡಿದ್ರೆ ಉಬ್ಬಿ ಗಟ್ಟಿಯಾಗೋ ಫೋಮ್ ಒಂದನ್ನೇ ಹೊಡೆದು ಬರೋರಿದ್ದಾರೆ, ನೋಡೋಕೆ ನೀಟಾಗಿ ಕಾಣುತ್ತೆ, ಇಲಿ ಕಡಿದು ದಾರಿ ಮಾಡ್ಕೊಳ್ಳುತ್ತೆ. ಅದರ ಮುಂದಿನ ಹಲ್ಲು ಬೆಳೀತಾನೇ ಇರುತ್ತೆ, ಕಡೀತಾನೇ ಇರುತ್ತೆ, ಪ್ಲಾಸ್ಟಿಕ್ಕು ರಬ್ಬರು ಮರ ಯಾವುದೂ ಲೆಕ್ಕಕ್ಕಿಲ್ಲ, ವೈರ್ ಕಡಿದು ಶಾರ್ಟ್ ಸರ್ಕ್ಯೂಟ್ ಆಗೋದೂ ಇದರಿಂದಾನೇ. ಸಣ್ಣ ಸಂದಿಗೆ ಸ್ಟೇನ್‌ಲೆಸ್ ಸ್ಟೀಲ್ ವುಲ್, ಅಂದ್ರೆ ತೆಳು ಸ್ಟೀಲ್ ಎಳೆಗಳ ಉಂಡೆ, ಗಟ್ಟಿಯಾಗಿ ತುರುಕಿ ಮೇಲೆ ಸಂದು ಮುಚ್ಚೋ ಅಂಟು ಸೀಲಂಟ್ ಹಾಕಿ (ಸಾದಾ ಸ್ಟೀಲ್ ವುಲ್ ಒದ್ದೆ ಜಾಗದಲ್ಲಿ ತುಕ್ಕು ಹಿಡಿದು ಉದುರಿ ಹೋಗುತ್ತೆ), ದೊಡ್ಡದಕ್ಕೆ ಸಿಮೆಂಟ್, ಗಾಳಿ ಬೇಕಾದ ಕಿಂಡಿಗೆ 6 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಲೋಹದ ಜಾಲರಿ. ಬಾಗಿಲ ಅಡಿಗೆ ಡೋರ್ ಸ್ವೀಪ್, ಅಂದ್ರೆ ಅಡಿ ಸಂದು ಮುಚ್ಚೋ ಪಟ್ಟಿ, ನೆಲಕ್ಕೆ ತಾಗೋ ಹಾಗೆ, ಎರಡೂ ತುದಿಯ ಮೂಲೆ ಬಿಡದೆ.

ಆದ್ರೆ ಒಳಗೆ ಇರೋದನ್ನ ಒಳಗೇ ಇಟ್ಟು ಬೀಗ ಹಾಕಿದ ಹಾಗೆ ಆಗಬಾರದು, ಅದಕ್ಕೆ ಮುಚ್ಚೋ ದಿನಾನೇ ಬೋನೂ ಇಡಿ. ಒಂದೇ ಇಲಿ ಸರ್ ಅಂತ ಒಂದೇ ಬೋನು ಇಡೋರು ಜಾಸ್ತಿ. ಗಬ್ಬ ಆದ್ರೆ ಸುಮಾರು 3 ವಾರಕ್ಕೆ ಮರಿ ಹಾಕುತ್ತೆ, ಒಂದು ಸಲಕ್ಕೆ ಐದಾರು, ಆ ಮರಿಗಳು ಒಂದೂವರೆ ಎರಡು ತಿಂಗಳಿಗೆ ತಾವೇ ಮರಿ ಹಾಕೋಕೆ ರೆಡಿ, ಹಾಗಿರುವಾಗ "ಒಂದೇ" ಅನ್ನೋದು ನೀವು ನೋಡಿದ್ದು ಒಂದೇ ಅಂತ ಅಷ್ಟೇ. ಸ್ಪ್ರಿಂಗ್ ಬೋನನ್ನ ಗೋಡೆಗೆ ಅಡ್ಡವಾಗಿ, ತಿಂಡಿ ಇರೋ ತುದಿ ಗೋಡೆಗೆ ತಾಗೋ ಹಾಗೆ ಇಡಿ, ಎರಡು ಮೂರು ಮೀಟರ್‌ಗೆ ಒಂದರಂತೆ. ಗೂಡಿಂದ ತುಂಬಾ ದೂರ ಹೋಗಲ್ಲ, ಕೆಲವೇ ಮೀಟರ್ ಒಳಗೆ ಓಡಾಟ, ಹಾಗಾಗಿ ಹಾಲ್ ಮಧ್ಯೆ ಇಟ್ಟ ಬೋನು ದಂಡ. ಪೀನಟ್ ಬಟರ್ ಒಂಚೂರು ಸವರಿದ್ರೆ ಸಾಕು, ಮುದ್ದೆ ಇಟ್ರೆ ಬೋನು ಬೀಳಿಸದೆ ಅಂಚಿಂದ ತಿಂದು ಹೋಗುತ್ತೆ. ಗಮ್ ಪ್ಯಾಡ್ ನಾನು ಹಾಕಲ್ಲ, ಅಂಟ್ಕೊಂಡು ಗಂಟೆಗಟ್ಲೆ ಒದ್ದಾಡುತ್ತೆ. ಪ್ಲಗ್‌ಗೆ ಹಾಕೋ ಅಲ್ಟ್ರಾಸೌಂಡ್ ಮಷೀನ್ ಬಗ್ಗೆ ಕೇಳ್ತೀರಾ, ದುಡ್ಡು ಉಳಿಸಿ, ಇಲಿ ಆ ಸದ್ದಿಗೆ ಬೇಗ ಒಗ್ಗಿಕೊಳ್ಳುತ್ತೆ.

ಪಾಷಾಣದ ವಿಷಯಕ್ಕೆ ಬಂದ್ರೆ, ಪುಟ್ಟ ಮಕ್ಕಳು ಸಾಕುಪ್ರಾಣಿ ಇರೋ ಮನೇಲಿ ನೆಲದ ಮೇಲೆ ಪಾಷಾಣ ಇಡೋದು ಇಲಿ ಬಂತು ಅಂತ ಮನೆಗೇ ಬೆಂಕಿ ಹಚ್ಚಿದಂಗೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಬ್ಲಾಕ್‌ಗಳು ತಿಂದ ತಕ್ಷಣ ಕೊಲ್ಲಲ್ಲ, ಕೆಲವು ದಿನ ಹಿಡಿಯುತ್ತೆ, ಅಷ್ಟರಲ್ಲಿ ಇಲಿ ಗೋಡೆ ಸಂದಿಗೋ ಫಾಲ್ಸ್ ಸೀಲಿಂಗ್ ಮೇಲಕ್ಕೋ ಹೋಗಿ ಸತ್ತು ನಾರುತ್ತೆ, ಇಲ್ಲಾ ಹೊರಗೆ ಸತ್ತು ಬಿದ್ದಿದ್ದನ್ನ ಬೆಕ್ಕು ಗೂಬೆ ತಿಂದು ಅವೂ ವಿಷಕ್ಕೆ ಬಲಿ. ಈ ಥರದ ಬ್ಲಾಕ್ ವಿಷಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ. ಆದ್ರೆ ಹಳದಿ ರಂಜಕ ಇರೋ ಪೇಸ್ಟ್ ಯಾರ ಹೊಟ್ಟೆಗಾದ್ರೂ ಹೋದ್ರೆ ಪ್ರತಿವಿಷನೇ ಇಲ್ಲ, ಲಿವರ್ ಕೆಡುತ್ತೆ, ಅಂಥದ್ದನ್ನ ಮನೆಗೆ ತರಲೇಬೇಡಿ. ಯಾವುದೇ ಪಾಷಾಣ ಬಾಯಿಗೆ ಹೋಯ್ತು ಅಂತ ಅನುಮಾನ ಬಂದ್ರೂ ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಓಡಿ, ಮನೇಲಿ ಕಾಯ್ತಾ ಕೂರಬೇಡಿ.

ಎಲ್ಲಾ ಆದ ಮೇಲೆ ಕ್ಲೀನಿಂಗ್. ಒಣ ಹಿಕ್ಕೆನ ಪೊರಕೆ ಹಿಡಿದು ಗುಡಿಸಬೇಡಿ, ಧೂಳೆದ್ದು ಮೂಗಿಗೆ ಹೋಗುತ್ತೆ, ಇಲಿ ಉಚ್ಚೆ ಹಿಕ್ಕೆಯಿಂದ ಸಾಲ್ಮೊನೆಲ್ಲಾ, ಇಲಿಜ್ವರದಂಥ ಕಾಯಿಲೆ ಹರಡುತ್ತೆ. ಅರ್ಧ ಗಂಟೆ ಕಿಟಕಿ ತೆಗೆದಿಡಿ, ಗ್ಲೌಸ್ ಹಾಕ್ಕೊಳ್ಳಿ, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ (ಬೇರೆ ಕ್ಲೀನರ್ ಜೊತೆ ಬ್ಲೀಚ್ ಬೆರೆಸಬೇಡಿ) ಸಿಂಪಡಿಸಿ ಐದು ನಿಮಿಷ ನೆನೆಯೋಕೆ ಬಿಟ್ಟು ಪೇಪರಲ್ಲಿ ಒರೆಸಿ ಚೀಲಕ್ಕೆ ಹಾಕಿ ಕಟ್ಟಿ. ಹಳೇದೆಲ್ಲ ಹೀಗೆ ಪೂರ್ತಿ ತೆಗೆದಿದ್ರೆ ಮಾತ್ರ ನಾಳೆ ಒಂದು ಹಿಕ್ಕೆ ಕಂಡ್ರೂ ಅದು ಹೊಸದು, ಇನ್ನೊಂದು ತೂತು ಉಳಿದಿದೆ ಅಂತ ಗೊತ್ತಾಗೋದು.