ಮನೆಯಲ್ಲಿ ಸೂತಕ, ಚಾನೆಲ್‌ನಲ್ಲಿ ಹಬ್ಬ

ಧಾರಾವಾಹಿಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: "ಅಷ್ಟು ಒಳ್ಳೆ ಪಾತ್ರನ ಯಾಕ್ರೀ ಸಾಯಿಸಿಬಿಟ್ರಿ?" ಹೆಚ್ಚಿನ ಸಲ ಅದು ನಮ್ಮ ಆಸೆಯೇನೂ ಆಗಿರುವುದಿಲ್ಲ. ಕಲಾವಿದರಿಗೆ ಸಿನಿಮಾ ಸಿಕ್ಕಿರುತ್ತದೆ, ಡೇಟ್ಸ್ ಹೊಂದಿರುವುದಿಲ್ಲ, ಇಲ್ಲಾ ಸಂಭಾವನೆಯ ಮಾತು ಮುರಿದಿರುತ್ತದೆ. ಸುದ್ದಿ ಬರಹಗಾರರವರೆಗೆ ಬರುವ ಹೊತ್ತಿಗೆ ಮುಂಚೆಯೇ ಶೂಟ್ ಮಾಡಿಟ್ಟ ಕಂತುಗಳ ಬ್ಯಾಂಕಿಂಗ್ ಮುಗಿಯುತ್ತಾ ಬಂದಿರುತ್ತದೆ. ಮುಂದಿನ ವಾರ ಆ ಪಾತ್ರ ಎಲ್ಲಿ ಹೋಯಿತು ಅಂತ ಹೇಳಲೇಬೇಕು. ಅಮೆರಿಕಕ್ಕೆ ಕಳಿಸಬಹುದು. ಬೇರೆ ಮುಖ ತರಬಹುದು. ಎರಡೂ ಆಗದಿದ್ದರೆ ಲಾರಿ ಬರುತ್ತದೆ.

ಸಾಯಿಸುವುದು ಸುಲಭ. ಒಂದು ತಿರುವು, ಬ್ರೇಕ್ ಹಿಡಿಯದ ಕಾರು, ಐಸಿಯು ಬಾಗಿಲ ಮೇಲೆ ಕೆಂಪು ದೀಪ. ಶೂಟಿಂಗ್ ಎರಡು ದಿನದಲ್ಲಿ ಮುಗಿಯುತ್ತದೆ. ನಿಜವಾದ ಕೆಲಸ ಶುರುವಾಗುವುದು ಆಮೇಲಿನ ಕಂತುಗಳಲ್ಲಿ. ಒಂದು ಪಾತ್ರ ಸತ್ತಿದೆ ಅಂತ ನೋಡುವವರು ನಂಬುವುದು ಉಳಿದವರು ಹೇಗೆ ಬದುಕುತ್ತಾರೆ ಅನ್ನುವುದರ ಮೇಲೆ.

ಇಲ್ಲಿ ಮೊದಲ ತೊಡಕು ಕ್ಯಾಲೆಂಡರ್. ಡೈಲಿ ಸೀರಿಯಲ್‌ನಲ್ಲಿ ಕಥೆಯ ಒಂದು ದಿನವನ್ನು ನಾಲ್ಕೈದು ಕಂತು ಎಳೆಯುತ್ತೇವೆ. ಆ ಲೆಕ್ಕದಲ್ಲಿ ಸಾವಿನ ದಿನದಿಂದ ವೈಕುಂಠ ಸಮಾರಾಧನೆಯವರೆಗೆ ಎಲ್ಲವನ್ನೂ ತೋರಿಸುತ್ತಾ ಕೂತರೆ ಎರಡು ತಿಂಗಳು ದಾಟುತ್ತದೆ. ಅಷ್ಟು ದಿನ ಅಳು ನೋಡುವುದಕ್ಕೆ ಯಾರೂ ಕೂರುವುದಿಲ್ಲ. ಗುರುವಾರ ಟಿಆರ್‌ಪಿ ಬಂದಾಗ ಅದು ತಿಳಿಯುತ್ತದೆ. ಹಾಗಾಗಿ ಕಾಲವನ್ನು ಹಾರಿಸುತ್ತೇವೆ. "ಕೆಲವು ದಿನಗಳ ನಂತರ" ಅಂತ ಒಂದು ಸಾಲು ಹಾಕಿದರೆ ಕರ್ಮವೆಲ್ಲ ಮುಗಿದಂತೆ.

ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಬರುತ್ತದೆ. ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ಕಳೆಯುವ ತನಕ ಹಬ್ಬ ಮಾಡದವರೇ ಜಾಸ್ತಿ. ಚಾನೆಲ್‌ಗೆ ಆ ಸೂತಕ ಇಲ್ಲ. ಹಬ್ಬದ ಮಹಾಸಂಚಿಕೆ ಬೇಕು, ಜಾಹೀರಾತು ಬುಕ್ ಆಗಿರುತ್ತದೆ, ರೇಷ್ಮೆ ಸೀರೆಗೆ ಪ್ರಾಯೋಜಕರು ಇರುತ್ತಾರೆ. ಆಗ ಅತ್ತೆಯ ಬಾಯಲ್ಲಿ ಒಂದು ಮಾತು ಹೇಳಿಸುತ್ತೇವೆ: "ಅವನಿಗೆ ಈ ಹಬ್ಬ ಅಂದ್ರೆ ಪ್ರಾಣ ಕಣಮ್ಮ, ಅವನಿಗೋಸ್ಕರ ಆದ್ರೂ ಮಾಡೋಣ." ನೀವು ಕೇಳಿರುತ್ತೀರಿ, ಅಲ್ವಾ? ಅದನ್ನು ಬರೆಸಿದ್ದು ಮಾರ್ಕೆಟಿಂಗ್ ವಿಭಾಗ. ನೋಡುವ ಹೆಂಗಸರಿಗೆ ಇದು ಆ ಕ್ಷಣವೇ ಗೊತ್ತಾಗುತ್ತದೆ. "ಮಗ ಹೋಗಿ ತಿಂಗಳಾಗಿಲ್ಲ, ಇವಳಿಗೆ ಕಾಸಿನ ಸರ ಬೇಕಿತ್ತಾ?" ಅನ್ನುತ್ತಾರೆ. ಅವರು ಹೇಳುವುದು ಸರಿಯಾಗೇ ಇದೆ.

ನನ್ನ ಪ್ರಕಾರ ಇಲ್ಲಿ ಜಗಳವನ್ನೇ ದೃಶ್ಯ ಮಾಡಬೇಕು. ಹಬ್ಬ ಮಾಡೋಣ ಅನ್ನುವವರೂ ಬೇಡ ಅನ್ನುವವರೂ ಒಂದೇ ಮನೆಯಲ್ಲಿದ್ದಾರೆ. ಮಕ್ಕಳಿಗೆ ಒಬ್ಬಟ್ಟು ಬೇಕು, ಅಜ್ಜಿಗೆ ಅಡುಗೆಮನೆಗೆ ಹೋಗುವ ಮನಸ್ಸಿಲ್ಲ. ಇದರಲ್ಲಿ ಒಂದು ವಾರದ ಕಥೆ ಆರಾಮಾಗಿ ಸಿಗುತ್ತದೆ. ಪ್ರಾಯೋಜಕರ ಸೀರೆಯನ್ನು ಪಕ್ಕದ ಮನೆಯವಳಿಗೆ ಉಡಿಸಿದರಾಯಿತು.

ಹಾಗೇ ಬಳೆ ಒಡೆಯುವ, ಕುಂಕುಮ ಅಳಿಸುವ ದೃಶ್ಯ. ಸ್ಲೋ ಮೋಷನ್‌ನಲ್ಲಿ, ಮೂರು ಕೋನದಿಂದ. ನಾನು ಅದನ್ನು ಬರೆಯುವುದಿಲ್ಲ, ಅಷ್ಟೇ.

ಇನ್ನು ಪಾತ್ರ ನಿಜವಾಗಿ ಸತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ನೋಡುವವರು ಹುಡುಕುವ ಸಾಕ್ಷಿ, ಹಾರ ಹಾಕಿದ ಫೋಟೋ. ಹೊಳೆಗೆ ಬಿದ್ದು ಹೆಣ ಸಿಗದಿದ್ದರೆ ಯಾರೂ ನಂಬುವುದಿಲ್ಲ. ನಂಬಲೂಬಾರದು, ನಾವೇ ಬಾಗಿಲು ತೆರೆದಿಟ್ಟಿರುತ್ತೇವೆ. ಗೋಡೆಗೆ ಫೋಟೋ ಬಂದು ದೀಪ ಹಚ್ಚಿದರೆ ಕಥೆ ಮುಗಿದ ಹಾಗೆ. ಕಲಾವಿದರಿಗೂ ಆ ಫೋಟೋ ಅಂದರೆ ಒಂಥರಾ ಕಸಿವಿಸಿ. ಹೆಣವಾಗಿ ಮಲಗಿದವರು ಶಾಟ್ ಮುಗಿದ ಮೇಲೆ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು ಅನ್ನುವ ಪದ್ಧತಿ ಎಷ್ಟೋ ಸೆಟ್‌ಗಳಲ್ಲಿದೆ.

ಹಾರ ಹಾಕಿದ ಮೇಲೂ ವಾಪಸ್ ಬಂದವರಿದ್ದಾರೆ. ಸ್ಟಾರ್ ಪ್ಲಸ್‌ನಲ್ಲಿ 2000ದ ಜುಲೈನಲ್ಲಿ ಶುರುವಾದ 'ಕ್ಯೂಂಕಿ ಸಾಸ್ ಭಿ ಕಭಿ ಬಹು ಥಿ'ಯ ಮಿಹಿರ್ ವಿರಾನಿಯನ್ನು ನಮ್ಮ ಕಡೆಯ ಎಷ್ಟೋ ಮನೆಗಳೂ ನೆನಪಿಟ್ಟಿವೆ. ಮಿಹಿರ್ ಸತ್ತಾಗ ದೇಶದ ಉದ್ದಗಲಕ್ಕೂ ಜನ ಅತ್ತರು, ಚಾನೆಲ್‌ಗೆ ಬೈದರು. ಕೊನೆಗೆ ಅವನು ಬದುಕಿದ್ದಾನೆ, ನೆನಪು ಕಳೆದುಕೊಂಡಿದ್ದಾನೆ ಅಂತಾಯಿತು. ಆ ಪಾತ್ರ ಮಾಡುತ್ತಿದ್ದ ಅಮರ್ ಉಪಾಧ್ಯಾಯ್ ಮರಳಿದರು. ಆಮೇಲೆ ಆ ಪಾತ್ರಕ್ಕೆ ಇಂದರ್ ಕುಮಾರ್ ಬಂದರು, ನಂತರ ರೋನಿತ್ ರಾಯ್. ಜನರ ಪ್ರೀತಿಗೆ ಚಾನೆಲ್ ಸೋತಿತು ಅನ್ನುವುದು ಒಂದು ಮಾತು. ನನಗೆ ಕಾಣುವುದು ಬೇರೆ. ಆವತ್ತಿನಿಂದ ನಮ್ಮ ದೇಶದ ಯಾವ ಧಾರಾವಾಹಿಯಲ್ಲಿ ಯಾರು ಸತ್ತರೂ ಜನ ಮೊದಲು ಅನುಮಾನಿಸುತ್ತಾರೆ, ಆಮೇಲೆ ಅಳುತ್ತಾರೆ.

ಅಮೆರಿಕದವರು ಇದಕ್ಕಿಂತ ಮುಂದೆ ಹೋಗಿದ್ದರು. 'ಡಲ್ಲಾಸ್' ಧಾರಾವಾಹಿಯ ಬಾಬಿ ಯೂಯಿಂಗ್ 1985ರ ಮೇ ತಿಂಗಳಲ್ಲಿ ಕಾರು ಗುದ್ದಿ ಸತ್ತ. ಆಸ್ಪತ್ರೆಯಲ್ಲಿ, ಮನೆಯವರೆಲ್ಲರ ಕಣ್ಣೆದುರಿಗೆ. ನಟ ಪ್ಯಾಟ್ರಿಕ್ ಡಫಿಗೆ ಹೊರಗೆ ಹೋಗಬೇಕಿತ್ತು. ಒಂದು ವರ್ಷದ ಮೇಲೆ ಅವರನ್ನು ಮರಳಿ ಕರೆದರು. ಗುಟ್ಟು ಬಯಲಾಗಬಾರದು ಅಂತ ಸೋಪಿನ ಜಾಹೀರಾತು ತೆಗೆಯುವ ನೆಪದಲ್ಲಿ ದೃಶ್ಯ ಚಿತ್ರಿಸಿದರು. ಬಾಬಿಯನ್ನು ಮದುವೆಯಾಗಿದ್ದ ಪ್ಯಾಮ್ ಎದ್ದು ಸ್ನಾನದ ಮನೆ ಬಾಗಿಲು ತೆರೆದರೆ ಒಳಗೆ ಬಾಬಿ! ನಡುವಿನ ಸೀಸನ್ನಿನ 31 ಕಂತುಗಳೂ ಪ್ಯಾಮ್ ಕಂಡ ಕನಸು ಅಂತ 1986ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಇನ್ನೊಂದು ತಮಾಷೆ ಕೇಳಿ. 'ಡಲ್ಲಾಸ್'ನಿಂದಲೇ ಹುಟ್ಟಿದ 'ನಾಟ್ಸ್ ಲ್ಯಾಂಡಿಂಗ್'ನಲ್ಲಿ ಬಾಬಿಯ ಅಣ್ಣ ತಮ್ಮನಿಗಾಗಿ ಅತ್ತು ಆಗಿತ್ತು. ಅಲ್ಲಿನವರು ಆ ಸಾವನ್ನು ವಾಪಸ್ ಪಡೆಯಲೇ ಇಲ್ಲ. ಒಂದು ಧಾರಾವಾಹಿಯಲ್ಲಿ ಬಾಬಿ ಬದುಕಿದ, ಇನ್ನೊಂದರಲ್ಲಿ ಸತ್ತೇ ಉಳಿದ. ಎರಡು ಕಥೆಗಳ ನಡುವಿನ ಹೋಗಿಬರುವಿಕೆಯೂ ನಿಂತಿತು.

ಇದಕ್ಕೆ ತದ್ವಿರುದ್ಧ ಬ್ರಿಟನ್ನಿನ 'ಕೊರೊನೇಷನ್ ಸ್ಟ್ರೀಟ್'. 1960ರಿಂದ ಓಡುತ್ತಿರುವ ಧಾರಾವಾಹಿ. ಅದರಲ್ಲಿ ಜ್ಯಾಕ್ ಮತ್ತು ವೆರಾ ಡಕ್ವರ್ತ್ ಅಂತ ದಿನವಿಡೀ ಕಿತ್ತಾಡುವ ಮುದುಕ ಮುದುಕಿ. ವೆರಾ ಮಾಡುತ್ತಿದ್ದ ಲಿಜ್ ಡಾನ್ ಅವರ ಆರೋಗ್ಯ ಕೆಟ್ಟಿತ್ತು, ಬಿಡಬೇಕಿತ್ತು. 2008ರ ಜನವರಿಯಲ್ಲಿ ವೆರಾ ತನ್ನ ಕುರ್ಚಿಯಲ್ಲೇ ನಿದ್ದೆಯಲ್ಲಿ ತೀರಿಕೊಂಡಳು. ಲಾರಿ ಇಲ್ಲ, ಬೆಂಕಿ ಇಲ್ಲ. ಆಮೇಲೆ ಸುಮಾರು ಮೂರು ವರ್ಷ ಜ್ಯಾಕ್ ಅವಳಿಲ್ಲದೆ ಬದುಕಿದ. ಪಾರಿವಾಳ ಸಾಕಿಕೊಂಡು, ಬೈಯುವವರಿಲ್ಲದೆ. ವೆರಾಳ ಸಾವನ್ನು ಅವರು ತೋರಿಸಿದ್ದು ಆ ಮೂರು ವರ್ಷದಲ್ಲಿ. 2010ರ ನವೆಂಬರ್‌ನಲ್ಲಿ ಜ್ಯಾಕ್ ಹೋಗುವಾಗ ವೆರಾ ಬಂದು ಅವನನ್ನು ಕುಣಿಯಲು ಎಬ್ಬಿಸುತ್ತಾಳೆ. ಆ ದೃಶ್ಯಕ್ಕಾಗಿ ಲಿಜ್ ಡಾನ್ ಮತ್ತೆ ಬಂದಿದ್ದರು. ಸತ್ತವಳು ತೆರೆಗೆ ಮರಳಿದಳು, ಯಾರಿಗೂ ಮೋಸ ಅನ್ನಿಸಲಿಲ್ಲ. ಬಾಬಿಯನ್ನೂ ಇವಳನ್ನೂ ಪಕ್ಕದಲ್ಲಿಟ್ಟು ನೋಡಿ ಅಂತ ಹೊಸದಾಗಿ ಬರೆಯಲು ಬರುವವರಿಗೆ ನಾನು ಹೇಳುತ್ತೇನೆ.

ಕಲಾವಿದರೇ ತೀರಿಕೊಂಡಾಗ ಮಾತ್ರ ನಮ್ಮ ಲೆಕ್ಕವೆಲ್ಲ ತಲೆಕೆಳಗು. 'ಡಲ್ಲಾಸ್' ಮತ್ತೆ ಶುರುವಾದಾಗ ಬಾಬಿಯ ಕುತಂತ್ರಿ ದೊಡ್ಡಣ್ಣ ಜೆ.ಆರ್. ಪಾತ್ರದ ಲ್ಯಾರಿ ಹ್ಯಾಗ್ಮನ್ 2012ರ ನವೆಂಬರ್‌ನಲ್ಲಿ ಹೋದರು, ಚಿತ್ರೀಕರಣದ ನಡುವೆಯೇ. ಬರಹಗಾರರು ಇದ್ದ ದೃಶ್ಯಗಳನ್ನೇ ಹೊಂದಿಸಿಕೊಂಡು 2013ರ ಮಾರ್ಚ್‌ನಲ್ಲಿ ಪಾತ್ರಕ್ಕೆ ಗುಂಡಿಕ್ಕಿಸಿದರು. ಸೀಸನ್ ಕೊನೆಯಲ್ಲಿ, ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಜೆ.ಆರ್. ತಾನೇ ಅದನ್ನು ಏರ್ಪಾಡು ಮಾಡಿಸಿದ್ದ ಅಂತ ತಿಳಿಸಿದರು. ಕೊನೆಯ ಕುತಂತ್ರವೂ ಅವನದೇ. ನಮ್ಮಲ್ಲಿ ಇಂಥ ಹೊತ್ತಲ್ಲಿ "ಇಂದಿನಿಂದ ಈ ಪಾತ್ರದಲ್ಲಿ" ಅಂತ ಹೊಸ ಮುಖ ತರುವುದೇ ರೂಢಿ. ಚಿಕ್ಕಮ್ಮನದೋ ಲಾಯರ್‌ದೋ ಪಾತ್ರವಾದರೆ ನಾನೂ ಒಪ್ಪುತ್ತೇನೆ. ಆದರೆ ಇಡೀ ಮನೆ ಯಾರ ಸುತ್ತ ತಿರುಗುತ್ತಿತ್ತೋ ಅವರದಾದರೆ ಬೇಡ. ಅಲ್ಲಿ ಆ ಮನೆಯವರಿಗೆ ಸೂತಕದ ದಿನಗಳನ್ನು ಪೂರ್ತಿ ಕೊಡಿ, ಟಿಆರ್‌ಪಿ ಒಂದು ತಿಂಗಳು ಬಿದ್ದರೆ ಬೀಳಲಿ.